ಕೆಲಸ ಮರಳಿ ಬೇಕೋ, ಹಣ ಸಾಕೋ?
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಪಿಂಪ್ರಿ, ಚಿಂಚವಡ, ಭೋಸರಿಗಳ ಕಾರಖಾನೆಗಳಲ್ಲಿ ವಿಜಾಪುರ, ಕಲಬುರ್ಗಿ, ಬೀದರ ಕಡೆಯಿಂದ ಬಂದ ನಮ್ಮವರು ಅನೇಕರಿದ್ದಾರೆ. ಅವರಲ್ಲೊಬ್ಬನನ್ನು ಅನ್ಯಾಯವಾಗಿ ಕೆಲಸದಿಂದ ತೆಗೆದರೆ, ಆ ರಾತ್ರಿ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಕೆಲಸವನ್ನೇ ಮರಳಿ ಕೇಳಬೇಕೋ, ಹಣ ತೆಗೆದುಕೊಂಡು ಸುಮ್ಮನಾಗಬೇಕೋ?

ಸಾಮಾನ್ಯ ಕರಾರಿನ ಕಾಯದೆ ಯಜಮಾನನಿಗೆ, 'ಈ ಆಳನ್ನೇ ಇಟ್ಟುಕೊ' ಎಂದು ಹೇಳುವದಿಲ್ಲ. ನಷ್ಟ ತುಂಬಿಕೊಡು ಎನ್ನುತ್ತದೆ, ಅಷ್ಟೆ. ಕಾರ್ಮಿಕ ಕಾಯದೆಯ ದಾರಿ ಬೇರೆ. ಔದ್ಯೋಗಿಕ ನ್ಯಾಯಮಂಡಲಿಯು ಕೆಲಸವನ್ನೇ ಮರಳಿ ಕೊಡಿಸಬಹುದೆಂದು 1949ರಲ್ಲಿಯೇ ಫೆಡರಲ್ ಕೋರ್ಟು ಮುಂಬಯಿಯ ಒಂದು ಪ್ರಕರಣದಲ್ಲಿ ತೀರ್ಪಿತ್ತಿತು. 1978ರ ಹಿಂದುಸ್ತಾನ್ ಟಿನ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಜಾ ಅಕ್ರಮವಾದರೆ ಕೆಲಸವೂ ಹಿಂದಿನ ಪೂರ್ಣ ಪಗಾರವೂ ಸಿಗುವದೇ ಸಾಮಾನ್ಯ ನಿಯಮ ಎಂದಿತು. ಆದರೂ ಕಂಪನಿಯ ಆರ್ಥಿಕ ಸ್ಥಿತಿಯನ್ನು ನೋಡಿ ಅಲ್ಲಿ ಕೊಡಿಸಿದ್ದು ಶೇಕಡಾ 75 ಮಾತ್ರ.

ಆದರೆ ಈ ನಿಯಮ ಎಲ್ಲರಿಗೂ ಒಂದೇ ಅಳತೆಯಲ್ಲಿ ದಕ್ಕುವದಿಲ್ಲ. ಬಿ.ಎಸ್.ಎನ್.ಎಲ್.ನ ದಿನಗೂಲಿ ಕಾರ್ಮಿಕನೊಬ್ಬನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಕೆಲಸದ ಬದಲು 3 ಲಕ್ಷ ರೂಪಾಯಿ ಕೊಡಿಸಿತು. ಕಾರಣವಿಷ್ಟೆ: ಅವನನ್ನು ಮರಳಿ ಸೇರಿಸಿಕೊಂಡರೂ, ನೋಟೀಸು ಮತ್ತು ಪರಿಹಾರ ಕೊಟ್ಟು ಮರುದಿನವೇ ಕ್ರಮಬದ್ಧವಾಗಿ ತೆಗೆಯಬಹುದಲ್ಲ! ಆದರೆ ಅವನಿಗಿಂತ ಕಿರಿಯರನ್ನು ಇಟ್ಟುಕೊಂಡು ಅವನನ್ನೇ ತೆಗೆದಿದ್ದರೆ, ಕೆಲಸವನ್ನು ನಿರಾಕರಿಸಬಾರದು ಎಂದೂ ಅದೇ ತೀರ್ಪು ಹೇಳುತ್ತದೆ.

ಇಲ್ಲಿ ಅನೇಕರು ಎರಡು ಹಣಗಳನ್ನು ಒಂದೇ ಎಂದು ತಿಳಿಯುತ್ತಾರೆ. ವರ್ಷಕ್ಕೆ 15 ದಿನದ ಪಗಾರವೆಂಬುದು ಕಡಿತದ ಪರಿಹಾರ. ದಿನಕ್ಕೆ 600 ರೂಪಾಯಿಯವನು 12 ವರ್ಷ ದುಡಿದಿದ್ದರೆ 1,08,000 ರೂಪಾಯಿ ಆಗುತ್ತದೆ. ಇದು ಕಾಯದೆಯಂತೆ ಕೆಲಸ ಕಡಿಮೆ ಮಾಡುವಾಗ ಕೊಡತಕ್ಕ ಹಣ. ಅಕ್ರಮ ವಜಾಕ್ಕೆ, ಕೆಲಸದ ಬದಲಾಗಿ ಕೊಡಿಸುವ ಹಣಕ್ಕೆ ಇಂಥ ಕೋಷ್ಟಕವಿಲ್ಲ. ಸೇವೆಯ ಅವಧಿ, ಕೆಲಸದ ಸ್ವರೂಪ, ವ್ಯಾಜ್ಯ ನಡೆದ ಕಾಲ ಇವನ್ನೆಲ್ಲ ತೂಗಿ ನ್ಯಾಯಾಧೀಶರು ನಿರ್ಣಯಿಸುತ್ತಾರೆ. ಆದ್ದರಿಂದ ಮೊದಲನೆಯದನ್ನು ಎಣಿಸಿ ಕೊಟ್ಟು 'ಎಲ್ಲ ಮುಗಿಯಿತು' ಎಂಬ ಕಾಗದಕ್ಕೆ ಗೇಟಿನಲ್ಲಿಯೇ ಸಹಿ ಕೇಳಿದರೆ ಅವಸರ ಬೇಡ.

ಎಲ್ಲ ವಜಾವೂ ಅಕ್ರಮವಲ್ಲವೆಂಬುದನ್ನೂ ಹೇಳಲೇಬೇಕು. ನಮ್ಮ ಪುಣೆಯ ಭಾರತ್ ಫೋರ್ಜ್ ಪ್ರಕರಣವನ್ನೇ ನೋಡಿರಿ. 1983ರ ಆಗಸ್ಟ್ 26ರಂದು ಬೆಳಿಗ್ಗೆ 11-40ಕ್ಕೆ ಒಬ್ಬ ಕೆಲಸಗಾರ ಕಬ್ಬಿಣದ ತಗಡಿನ ಮೇಲೆ ನಿದ್ದೆಹೋಗಿದ್ದ. ಹಿಂದೆಯೂ ಲಘು ಶಿಕ್ಷೆಗಳಾಗಿದ್ದವು. ಶಿಕ್ಷೆ ಅತಿಯಾಯಿತೆಂದು ಕಾರ್ಮಿಕ ನ್ಯಾಯಾಲಯ ಅವನ ಪರವಾಗಿ ಹೇಳಿತು. 2005ರಲ್ಲಿ ಸುಪ್ರೀಂ ಕೋರ್ಟು ವಜಾವನ್ನು ಎತ್ತಿಹಿಡಿಯಿತು. ನಡುವೆ ಹೋದದ್ದು ಇಪ್ಪತ್ತೊಂದು ವರ್ಷ! ತರುಣನಾಗಿ ಕೋರ್ಟಿನ ಮೆಟ್ಟಿಲೇರಿದವನು ನೆರೆಗೂದಲಿನೊಡನೆ ಇಳಿಯುವ ಕಾಲವದು. ಅಷ್ಟು ಹೊತ್ತಿಗೆ ಯಂತ್ರವೂ ಬದಲಾಗಿರುತ್ತದೆ, ಕೈಯೂ ಸೋತಿರುತ್ತದೆ. ತಡವಾದಷ್ಟೂ ಕೆಲಸ ದೂರವಾಗುತ್ತದೆ. ಉಳಿಯುವದು ಹಣದ ಮಾತು.

ಆದ್ದರಿಂದ ಬೇಗ ಎಚ್ಚತ್ತುಕೊಳ್ಳಬೇಕು. 2025ರ ನವೆಂಬರ್ 21ರಿಂದ 1947ರ ಕಾಯದೆಯ ಜಾಗದಲ್ಲಿ ಔದ್ಯೋಗಿಕ ಸಂಬಂಧಗಳ ಸಂಹಿತೆ ಬಂದಿದೆ. ಮೊದಲು ಸಂಧಾನಾಧಿಕಾರಿಗೆ ಅರ್ಜಿ. 45 ದಿನದಲ್ಲಿ ತೀರದಿದ್ದರೆ ನೇರವಾಗಿ ನ್ಯಾಯಮಂಡಲಿಗೆ ಹೋಗಬಹುದು. ಮೊದಲಿದ್ದ ಮೂರು ವರ್ಷದ ಗಡುವು ಈಗ ಎರಡೇ ವರ್ಷ. ಪಗಾರದ ಚೀಟಿ, ಹಾಜರಿಯ ಗುರುತು, ಬಂದ ಪತ್ರ ಎಲ್ಲವನ್ನೂ ಕಾಯ್ದಿಡಿರಿ. ಬೇರೆ ಸಂಪಾದನೆ ಇರಲಿಲ್ಲವೆಂದು ಕೆಲಸಗಾರನು ಮೊದಲು ಹೇಳಿಕೊಳ್ಳಬೇಕು. ಅನಂತರ ಅದು ಸುಳ್ಳೆಂದು ತೋರಿಸುವ ಹೊಣೆ ಮಾಲಕರದು. ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ.

ಹಣ ತೆಗೆದುಕೊಳ್ಳುವದು ಸೋಲಲ್ಲ. ಮಗಳ ಮದುವೆಯೋ ಮನೆಯ ಸಾಲವೋ ಮುಂದಿದ್ದಾಗ ಅದೇ ವಿವೇಕವಾಗಬಹುದು. ಆದರೆ ಆ ನಿರ್ಧಾರ ಹಕ್ಕನ್ನು ತಿಳಿದು ಮಾಡಿದ್ದಾಗಿರಲಿ, ಹೆದರಿ ಮಾಡಿದ್ದಾಗದಿರಲಿ. ಇಷ್ಟನ್ನು ನಿಮ್ಮ ನೆರೆಯ ಕೆಲಸಗಾರನಿಗೆ ಹೇಳಿದರೆ ಈ ಸಂಜೆ ನಾವು ಕೂಡಿದ್ದು ಸಾರ್ಥಕ.