ಮೊಹರು ಬಿತ್ತು, ದಾರಿ ಎಲ್ಲಿ?

ಮೊನ್ನೆ ಶನಿವಾರ ಕಾರ್ಯಕ್ರಮ ಮುಗಿದ ಮೇಲೆ ಆಯನೂರು ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. ಶಿವಮೊಗ್ಗ–ಸಾಗರ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಎಕರೆ ಅಡಿಕೆ ತೋಟ ಕೊಂಡಿದ್ದಾರೆ. ರಿಟೈರ್ ಆದಾಗ ಬಂದ ದುಡ್ಡು, ಪೂರ್ತಿ. ತೋಟ ನೋಡೋಕೆ ಹೋದ ದಿನ ಪಕ್ಕದವರ ಗದ್ದೆ ಅಂಚಿನಲ್ಲೇ ಜೀಪು ಹೋಗಿತ್ತು. ಕ್ರಯಪತ್ರ ಆದ ಮೇಲೆ ಅಲ್ಲಿ ತಂತಿಬೇಲಿ ಬಂತು. ‘ಸಾರ್, ಕರಾರಿಗೆ ನೋಟರಿ ಮಾಡ್ಸಿದ್ವಿ, ರಿಜಿಸ್ಟ್ರೂ ಆಗಿದೆ. ದಾರಿ ಇಲ್ಲ ಅಂತ ಒಬ್ರಾದ್ರೂ ಯಾಕೆ ಹೇಳ್ಲಿಲ್ಲ?’

ಯಾಕಂದ್ರೆ, ಹೇಳೋದು ಅವರ ಕೆಲಸ ಅಂತ ನಮ್ಮ ಕಾನೂನು ಬರೆದೇ ಇಲ್ಲ. 1952ರ ನೋಟರಿ ಕಾಯ್ದೆ ಪ್ರಕಾರ ನೋಟರಿ ದೃಢೀಕರಿಸುವುದು ಪತ್ರವನ್ನು, ಸಹಿಯನ್ನು. ತೋಟವನ್ನಲ್ಲ. ಸಬ್ ರಿಜಿಸ್ಟ್ರಾರ್? ಮಾರುವವರ ಹಕ್ಕು ಸಾಬೀತಾಗಿಲ್ಲ ಅನ್ನೋ ಕಾರಣಕ್ಕೆ ಅವರು ನೋಂದಣಿ ನಿರಾಕರಿಸುವಂತಿಲ್ಲ ಅಂತ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹಕ್ಕನ್ನೇ ನೋಡದವರು ದಾರಿ ನೋಡ್ತಾರಾ? ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ಜಮೀನಿನ ಕ್ರಯ ನೋಟರಿಯ ಮುಂದೆಯೇ ಆಗಬೇಕು, ಹಕ್ಕು ಯಾರದ್ದು, ಓಡಾಡೋಕೆ ದಾರಿ ಇದೆಯಾ ಅಂತ ಆತನೇ ಪರಿಶೀಲಿಸಬೇಕು, ತಪ್ಪಿದರೆ ನಷ್ಟಕ್ಕೂ ಹೊಣೆ. ಹೆಸರು ಒಂದೇ, ಕೆಲಸ ಬೇರೆ. ನಮ್ಮಲ್ಲಿ ಆ ಕೆಂಪು ಮೊಹರು ನೋಡಿದ ಕೂಡಲೇ ಎಲ್ಲಾ ಸರಿಯಾಗಿದೆ ಅಂದುಕೊಳ್ತೀವಲ್ಲ, ಆ ನಂಬಿಕೆ ಮೇಲೇ ಬ್ರೋಕರುಗಳ ಹೊಟ್ಟೆ ತುಂಬೋದು.

ಹಾಗಾದ್ರೆ ಕೊಳ್ಳುವವರು ಏನು ನೋಡಬೇಕು? ಗ್ರಾಮ ನಕಾಶೆ. ಅದರಲ್ಲಿ ಬಂಡಿದಾರಿ, ಕಾಲುದಾರಿ ಗುರುತಾಗಿದ್ದರೆ ತಹಶೀಲ್ದಾರರ ಬಾಗಿಲು ತಟ್ಟಬಹುದು. ಇಲ್ಲದಿದ್ದರೆ ಮಾರುವವರ ಕ್ರಯಪತ್ರದಲ್ಲಿ ಚಕ್ಕುಬಂದಿ ಓದಿ. ನಾಲ್ಕು ದಿಕ್ಕಿಗೂ ಬರೀ ಬೇರೆಯವರ ಜಮೀನೇ ಇದ್ದರೆ ಅಲ್ಲೇ ನಿಲ್ಲಿ. ‘ನಮ್ಮೂರಲ್ಲಿ ಯಾರೂ ಬೇಡ ಅನ್ನಲ್ಲ’ ಅಂತಾರಲ್ಲ, ಆ ಮಾತಿಗೆ ಬೆಲೆ ಕೊಡಬೇಡಿ.

ಕೊಂಡಾಗಿದೆ ಅಂದ್ರೆ ಉಳಿಯೋದು 1882ರ ಅನುಭೋಗದ ಹಕ್ಕುಗಳ ಕಾಯ್ದೆ, ಈಸ್‌ಮೆಂಟ್ ಆಕ್ಟ್ ಅಂತಾರಲ್ಲ ಅದು. ಮಾರಿದವರದ್ದೇ ಉಳಿದ ಜಮೀನು ಅಡ್ಡ ಇದ್ದು, ಬೇರೆ ದಾರಿಯೇ ಇಲ್ಲದಿದ್ದರೆ 13ನೇ ಕಲಂ ದಾರಿ ಕೊಡುತ್ತದೆ. ಅಡ್ಡ ಇರೋದು ಪಕ್ಕದವರದ್ದಾದರೆ 15ನೇ ಕಲಂ: 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿರಬೇಕು. ಹಳೇ ಮಾಲೀಕರು ಓಡಾಡಿದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಪಕ್ಕದವರನ್ನು ಕೇಳಿಕೊಂಡು, ಅವರ ಅನುಮತಿಯಿಂದ ಹೋಗಿದ್ದರೆ ಬರಲ್ಲ. ಇನ್ನೊಂದಿದೆ. ಓಡಾಟ ನಿಂತು ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಆ 20 ವರ್ಷವೂ ನೀರಿಗೆ.

ಅದಕ್ಕೇ ಅವರನ್ನ ಕೇಳಿದೆ, ಬೇಲಿ ಬಿದ್ದು ಎಷ್ಟು ದಿನ ಆಯ್ತು?

‘ಒಂದು ವರ್ಷ ಏಳು ತಿಂಗಳು ಸಾರ್. ಊರ ಹಿರಿಯರು ಮಾತಾಡ್ತೀವಿ, ಅಡಿಕೆ ಕೊಯ್ಲು ಮುಗೀಲಿ ಅಂದ್ರು. ಎರಡು ಕೊಯ್ಲು ಆಯ್ತು. ಗೊನೆ ಎಲ್ಲಾ ತಲೆ ಮೇಲೆ ಹೊರೆಸಿದ್ವಿ.’

ಇನ್ನು ಐದೇ ತಿಂಗಳಿದೆ ಸ್ವಾಮಿ, ನಾಳೆನೇ ವಕೀಲರ ಹತ್ರ ಹೋಗಿ ಅಂದೆ.

‘ನಾಳೆ ಭಾನುವಾರ ಸಾರ್’ ಅಂದ್ರು.

ಹಾಗಾದ್ರೆ ಸೋಮವಾರ.