ಪದವಿಯಿಂದ ಹುದ್ದೆಗೆ

ನಂದಿನಿ ಲೇಔಟಿನಿಂದ ಪೀಣ್ಯದ ಕೈಗಾರಿಕಾ ಪ್ರದೇಶ ದೂರವೇನಲ್ಲ. ಆದರೆ ಪದವಿ ಮುಗಿಸಿ ಮೊದಲ ಬಾರಿಗೆ ಅಲ್ಲಿಗೆ ದುಡಿಯಲು ಹೊರಟ ತರುಣ ತರುಣಿಯರಿಗೆ ಅದು ಬಹುದೂರದ ಪಯಣವೇ ಸರಿ.

ಕಾಲೇಜಿನಲ್ಲಿ ಪಠ್ಯಕ್ಕೊಂದು ಎಲ್ಲೆಯುಂಟು, ಪರೀಕ್ಷೆಗೊಂದು ದಿನವುಂಟು. ತಪ್ಪಿದರೆ ನಷ್ಟ ತಪ್ಪಿದವನೊಬ್ಬನಿಗೇ. ಕಾರ್ಯಾಲಯದಲ್ಲಿ ಹಾಗಲ್ಲ. ಒಬ್ಬನು ತಡಮಾಡಿದ ಕಡತಕ್ಕಾಗಿ ಹತ್ತು ಮಂದಿ ಕಾಯಬೇಕು. ತಿಳಿಯದುದನ್ನು ಕೇಳಿದರೆ ತಾನು ಪಡೆದ ಪದವಿಗೆ ಕುಂದೆಂದು ಬಗೆದು ಸುಮ್ಮನಿರುವುದೇ ಹೊಸಬರ ದೊಡ್ಡ ಸಂಕಟ.

ಕಲಿಕೆ ಪದವಿಯೊಡನೆ ಮುಗಿಯದೆಂಬುದನ್ನು ನಮ್ಮ ಕಾನೂನೂ ಒಪ್ಪಿದೆ. 1961ರ ಅಪ್ರೆಂಟಿಸ್ ಕಾಯಿದೆಯ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ, 2014ರ ತಿದ್ದುಪಡಿಯಿಂದ ಇತರ ಪದವೀಧರರೂ ಬಂದರು. ಭತ್ಯೆ ಪಡೆದು ಕಲಿಯುವವರಿಗೆ ಪ್ರಶ್ನೆ ಕೇಳುವುದು ಹಕ್ಕಾದರೆ, ಸಂಬಳ ಪಡೆದು ದುಡಿಯುವವರಿಗೆ ಅದು ಕರ್ತವ್ಯವೆಂದೇ ನಾನು ತಿಳಿಯುತ್ತೇನೆ.

ಸಾಹಿತ್ಯದಲ್ಲಿ ಒಲವುಳ್ಳವರಿಗೆ ಇನ್ನೊಂದು ಅಳುಕುಂಟು: ದುಡಿಮೆಯು ಓದನ್ನು ನುಂಗೀತೆಂದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಎಂ.ಎ. ಮುಗಿಸಿ, ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಅವರ ಮೊದಲ ಕಥಾಸಂಕಲನ 1920ರಲ್ಲಿ ಬೆಳಕು ಕಂಡದ್ದು ಅಧಿಕಾರದ ಹೊರೆ ಹೆಗಲ ಮೇಲಿದ್ದಾಗಲೇ. ಎಲ್ಲರೂ ಮಾಸ್ತಿಯಾಗಲಾರರು, ನಿಜ. ಪಾಳಿ ಮುಗಿಸಿ ಬಂದ ದೇಹ ನಿದ್ದೆಯನ್ನೇ ಬೇಡುತ್ತದೆ. ಆದರೂ ದಿನಕ್ಕೆರಡು ಪುಟ ಓದುವ ನೇಮವನ್ನು ಮೊದಲ ತಿಂಗಳಲ್ಲಿಯೇ ಹಿಡಿಯದಿದ್ದರೆ, ಮುಂದೆ ಹಿಡಿಯುವುದು ಕಷ್ಟ.

ಹಿರಿಯರಲ್ಲಿಯೂ ಒಂದು ಬಿನ್ನಹ. ಮಕ್ಕಳ ಮೊದಲ ಸಂಬಳವನ್ನು ದೇವರ ಮುಂದಿಡುವ ನಾವು, ಮೊದಲ ತಿಂಗಳ ಅವರ ದಣಿವನ್ನೂ ಒಮ್ಮೆ ವಿಚಾರಿಸೋಣ.