ಸಿಡಿ ವೇಷದ ಡಾಂಗಲ್

ಇವತ್ತು ನಾನು ಮಾತಾಡೋದು ಒಂದು ಹಳೇ 3ಜಿ ಡಾಂಗಲ್ ಬಗ್ಗೆ. ಯುಎಸ್‌ಬಿಗೆ ಸಿಕ್ಕಿಸಿದರೆ ಇಂಟರ್ನೆಟ್ ಬರ್ತಿತ್ತಲ್ಲ, ಅದೇ.

2012. ಎಂಟೆಕ್ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದೆ, ಇನ್ನೂ ಪ್ರೊಬೇಷನ್. ನಮ್ಮ ಮನೆ ಮುಂಬೈನ ಆಂಟಾಪ್ ಹಿಲ್, ಕೇಂದ್ರ ಸರ್ಕಾರಿ ಕ್ವಾರ್ಟರ್ಸ್. ಅಮ್ಮನಿಗೆ ಆಪರೇಷನ್ ಆಯ್ತು. ಒಂದು ತಿಂಗಳು ಮನೆಯಿಂದ ಕೆಲಸ ಮಾಡು ಅಂದರು, ಆದರೆ ರಾತ್ರಿ ಪಾಳಿಗೆ ಲೈನಲ್ಲಿ ಇರಲೇಬೇಕು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ. ಸೈಬರ್ ಕೆಫೆ ರಾತ್ರಿ ಮುಚ್ಚುತ್ತೆ, ಅಮ್ಮನನ್ನು ಬಿಟ್ಟು ಹೋಗೋಕೂ ಆಗಲ್ಲ.

ಅಪ್ಪ ಡಾಂಗಲ್ ತಂದರು. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಲಿನಕ್ಸ್. ಸಿಕ್ಕಿಸಿದೆ. ಮೋಡೆಮ್ ಬರಲಿಲ್ಲ, ಒಂದು ಸಿಡಿ ಬಂತು! ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಲಿನಕ್ಸ್‌ಗೆ ಸಪೋರ್ಟ್ ಇಲ್ಲ, ವಿಂಡೋಸ್ ಹಾಕಿಕೊಳ್ಳಿ."

ಡಾಂಗಲ್ ಕೆಟ್ಟಿರಲಿಲ್ಲ. ಈ ಸಾಧನಗಳು ಮೊದಲು ಸಿಡಿ ಡ್ರೈವ್ ವೇಷದಲ್ಲಿ ಬರುತ್ತಿದ್ದವು. ವಿಂಡೋಸ್‌ನ ಡ್ರೈವರ್ ಆ ಸಿಡಿಯಲ್ಲೇ ಇರುತ್ತಿತ್ತು. ಅದು ಇನ್‌ಸ್ಟಾಲ್ ಆದ ಮೇಲೆ ಸಾಧನಕ್ಕೆ ಒಂದು ಸಂಜ್ಞೆ ಹೋಗುತ್ತದೆ, ಆಗ ಅದು ವೇಷ ಕಳಚಿ ಮೋಡೆಮ್ ಆಗುತ್ತದೆ. ಲಿನಕ್ಸ್‌ನಲ್ಲಿ ಆ ಸಂಜ್ಞೆ ಕೊಡೋರು ಯಾರು?

ಅದಕ್ಕೇ ಜೋಸುವಾ ಡೀಟ್ಸೆ ಅನ್ನೋರು ಯುಎಸ್‌ಬಿ ಮೋಡ್‌ಸ್ವಿಚ್ ಬರೆದರು. ಹಲವು ಡಾಂಗಲ್‌ಗಳಿಗೆ ಆ ಸಂಜ್ಞೆ ಅಂದರೆ ಬರೀ 31 ಬೈಟ್‌ಗಳ ಸಂದೇಶ. ವಿಂಡೋಸ್‌ನಲ್ಲಿ ಯುಎಸ್‌ಬಿ ಸಂಚಾರವನ್ನು ಗಮನಿಸಿ, ಯಾವ ಮಾದರಿಗೆ ಯಾವ ಸಂದೇಶ ಅಂತ ಬಳಕೆದಾರರೇ ಕಂಡುಹಿಡಿದು ಕಳಿಸುತ್ತಿದ್ದರು. ಆ ಪಟ್ಟಿ ಪ್ರತ್ಯೇಕ ಡೇಟಾ ಪ್ಯಾಕೇಜ್ ಆಗಿ ಸಿಗುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಪಟ್ಟಿ ಹಳೆಯದು, ನನ್ನ ಮಾದರಿ ಅದರಲ್ಲಿ ಇರಲಿಲ್ಲ. ಬೆಳಗ್ಗೆ ಕೆಫೆಗೆ ಓಡಿ, ಹೊಸ ಪ್ಯಾಕೇಜನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೆ. ಈ ಸಲ ಸಿಡಿ ಮಾಯ, ಮೋಡೆಮ್ ಹಾಜರ್.

ಮುಂದಿನದು ಸಂಪರ್ಕ. ಆಗಿನ ಡಾಂಗಲ್‌ಗಳ ಜೊತೆ ಮಾತಾಡುವ ಭಾಷೆ ಎಟಿ ಆಜ್ಞೆಗಳು, 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಕಾಲದ್ದು. *99# ಡಯಲ್ ಮಾಡಬೇಕು, ಜೊತೆಗೆ ಕಂಪನಿಯ ಎಪಿಎನ್ ಹೆಸರು ಬೇಕು. ಬಿಎಸ್‌ಎನ್‌ಎಲ್‌ಗೆ 'ಬಿಎಸ್‌ಎನ್‌ಎಲ್‌ನೆಟ್' ಇದ್ದ ಹಾಗೆ. ಡಯಲ್ ಮಾಡೋ ಕೆಲಸ ಡ್ಯಾನ್ ವಿಲಿಯಮ್ಸ್ ಶುರುಮಾಡಿದ, ಆಮೇಲೆ ಅಲೆಕ್ಸಾಂಡರ್ ಮೊರ್ಗಾಡೊ ಬೆಳೆಸಿದ ಮೋಡೆಮ್ ಮ್ಯಾನೇಜರ್‌ನದು. ಎಪಿಎನ್ ಹೆಸರುಗಳು ಗ್ನೋಮ್ ಯೋಜನೆಯ ಒಂದು ಮುಕ್ತ ಪಟ್ಟಿಯಲ್ಲಿವೆ. ಅದೂ ಜನರೇ ತುಂಬಿದ್ದು. ನೀವು ಮೆನುವಿನಲ್ಲಿ ದೇಶ, ಕಂಪನಿ ಆರಿಸಿದರೆ ಮುಗಿಯಿತು.

ಆ ರಾತ್ರಿ ಅಮ್ಮ ಮಲಗಿದ ಮಂಚದ ಪಕ್ಕ, ಸಿಗ್ನಲ್ ಸಿಗೋ ಕಿಟಕಿ ಹತ್ತಿರ ಕೂತು ಪಾಳಿ ಮುಗಿಸಿದೆ. ಕೆಲಸ ಉಳೀತು.

ಈಗ ಫೋನ್ ಹಾಟ್‌ಸ್ಪಾಟ್ ಇದೆ, ಡಾಂಗಲ್ ಯಾಕೆ ಅಂತೀರಾ? ಇವತ್ತಿನ ಲ್ಯಾಪ್‌ಟಾಪ್‌ನೊಳಗಿನ 4ಜಿ, 5ಜಿ ಮೋಡೆಮ್‌ಗಳನ್ನು ನಡೆಸೋದೂ ಅದೇ ಮೋಡೆಮ್ ಮ್ಯಾನೇಜರ್. ಪೈನ್‌ಫೋನ್‌ನಂಥ ಲಿನಕ್ಸ್ ಫೋನ್‌ಗಳಲ್ಲೂ ಅದೇ.

ನಾನು ಹೇಳಬೇಕಾದ್ದು ಇಷ್ಟೇ. ಪಟ್ಟಿಗೆ ನನ್ನ ಮಾದರಿಯನ್ನು ಸೇರಿಸಿದವರು ಯಾರೋ ನನಗೆ ಗೊತ್ತಿಲ್ಲ, ಅವರಿಗೂ ನಾನು ಗೊತ್ತಿಲ್ಲ. ನಿಮ್ಮ ಸಾಧನ ಲಿನಕ್ಸ್‌ನಲ್ಲಿ ನಡೆಯದಿದ್ದರೆ ಬೈದು ಸುಮ್ಮನಾಗಬೇಡಿ. 'ಎಲ್‌ಎಸ್‌ಯುಎಸ್‌ಬಿ' ಅಂತ ಟೈಪ್ ಮಾಡಿ, ಬರುವ ಸಾಧನದ ಐಡಿ ಬರೆದಿಟ್ಟುಕೊಳ್ಳಿ. ಏನಾಯ್ತು, ಹೇಗೆ ಸರಿಹೋಯ್ತು ಅಂತ ಯೋಜನೆಯವರಿಗೆ ತಿಳಿಸಿ. ಕೋಡ್ ಬರೆಯೋಕೆ ಬರಲೇಬೇಕು ಅಂತಿಲ್ಲ. ಆ ಒಂದು ಸಾಲು ಇನ್ಯಾರದೋ ರಾತ್ರಿ ಪಾಳಿಗೆ ಬೇಕಾಗಬಹುದು.